ಗಂಟೆ ಚರ್ಚಿನ ಗಂಟೆ

"ಸಾ, ಬಕೆಟ್ಟಿಗೆ ಏನೋ ಠಣ್ ಅಂತು! ಕಲ್ಲಲ್ಲ ಇದು!" ಜೆಸಿಬಿ ಡ್ರೈವರ್ ಕಾಂತರಾಜು ಕೂತಲ್ಲಿಂದಲೇ ಕೂಗಿದ.

ಅರಕಲಗೂಡಿನ ಪ್ರೆಸ್ಬಿಟೇರಿಯನ್ ಚರ್ಚಿನ ಅಂಗಳದಲ್ಲಿ, ಎಂದೋ ಮುಚ್ಚಿಹೋಗಿದ್ದ ಬಾವಿಯನ್ನು ಬೆಳಿಗ್ಗೆಯಿಂದ ತೋಡಿಸುತ್ತಿದ್ದರು. ಸಭೆಯ ಹಿರಿಯರಾದ ದೇವರಾಜ್ ಅಂಚಿಗೆ ಬಂದು ಬಗ್ಗಿ ನೋಡಿದರು. ಕೆಸರಿನ ನಡುವೆ ದುಂಡನೆಯ ಬಾಯಿಯೊಂದು ಓರೆಯಾಗಿ ಕಾಣುತ್ತಿತ್ತು. ಸರಪಳಿ ಬಿಗಿದು ಮೇಲೆತ್ತಿದಾಗ ಬಂದದ್ದು ಗಂಟೆ. ಬರೀ ಗಂಟೆಯಲ್ಲ, ಅದನ್ನು ತೂಗುಹಾಕಿದ್ದ ಸಾಗುವಾನಿ ತೊಲೆಯ ಮುರಿದ ತುಂಡೂ ಬೋಲ್ಟುಗಳ ಸಮೇತ ಅದಕ್ಕೆ ಅಂಟಿಕೊಂಡೇ ಇತ್ತು.

ದೇವರಾಜ್ ಅಲ್ಲೇ ಮಣ್ಣಗುಡ್ಡೆಯ ಮೇಲೆ ಕೂತುಬಿಟ್ಟರು.

"ಯಾಕೆ ಅಂಕಲ್, ಏನಾಯ್ತು?" ಈ ಊರಿಗೆ ಬಂದು ವರ್ಷವೂ ತುಂಬದ ಪಾಸ್ಟರ್ ಮೋಹನ್‌ಕುಮಾರ್ ಓಡಿಬಂದರು. "ಇದು ಕಳುವಾಗಿದ್ದ ಗಂಟೆ ಅಲ್ವಾ?"

"ಕಳುವಾಗಿರಲಿಲ್ಲ ಪಾಸ್ಟರ್," ಎಂದರು ದೇವರಾಜ್. "ನಾವೇ ಹೂತಿದ್ವಿ."

ಎಂಬತ್ತರ ದಶಕದ ಒಂದು ಆಷಾಢದಲ್ಲಿ, ವಾರಗಟ್ಟಲೆ ನೆನೆದ ಗಂಟೆಗೋಪುರ ಕುಸಿದು ಅರ್ಧಕ್ಕರ್ಧ ಪಕ್ಕದ ಬಾವಿಯೊಳಕ್ಕೇ ಬಿದ್ದಿತ್ತು. ಹೊರಗಿನ ಕಲ್ಲುರಾಶಿಯನ್ನೆಲ್ಲ ಜಾಲಾಡಿದರೂ ಗಂಟೆ ಸಿಗಲಿಲ್ಲ. ಆಗ ಗಂಟೆ ಬಾರಿಸುತ್ತ, ರಾತ್ರಿ ಕಾವಲಿಗೂ ಇರುತ್ತಿದ್ದವನು ಪುಟ್ಟಸ್ವಾಮಿ. ಕಂಚಿನ ಆಸೆಗೆ ಅವನೇ ಸಾಗಿಸಿದ ಎಂದರು. ಕಾಲೇಜು ಮುಗಿಸಿ ಬಂದಿದ್ದ ದೇವರಾಜ್ ತಾವೇ ಅವನ ತೋಳು ಹಿಡಿದು ಸ್ಟೇಷನ್ನಿಗೆ ಕರೆದೊಯ್ದಿದ್ದರು. ಪೊಲೀಸರು ಎರಡು ದಿನ ಕೂರಿಸಿಕೊಂಡು ಬಿಟ್ಟರು, ಊರವರ ಬಾಯಿ ಮಾತ್ರ ಅವನನ್ನು ಬಿಡಲಿಲ್ಲ. ಪುಟ್ಟಸ್ವಾಮಿ ಹೆಂಡತಿಯನ್ನು ಕರೆದುಕೊಂಡು ಮಲ್ಲಿಪಟ್ಟಣ ಸೇರಿದ. ಇತ್ತ ಉಳಿದ ಕಲ್ಲನ್ನೂ ಬಾವಿಗೇ ತಳ್ಳಿ ನೆಲ ಸಮ ಮಾಡಿದರು. ಬಾವಿಯೊಳಗೆ ಹುಡುಕಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕಳ್ಳ ಆಗಲೇ ಸಿಕ್ಕಿದ್ದನಲ್ಲ. ಗೋಪುರವಿಲ್ಲದ, ಗಂಟೆಯಿಲ್ಲದ ಆ ಕಟ್ಟಡವನ್ನು ಊರವರು ಇಂದಿಗೂ ಗಂಟೆ ಚರ್ಚು ಎಂದೇ ಕರೆಯುತ್ತಾರೆ.

ದೇವರಾಜ್ ಕೈಗೆ ಮೆತ್ತಿದ ಕೆಸರನ್ನೂ ತೊಳೆಯದೆ ಕಾರು ಹತ್ತಿದರು.

ಮಲ್ಲಿಪಟ್ಟಣದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪುಟ್ಟಸ್ವಾಮಿಯ ಹೆಂಡತಿ ಚಿಕ್ಕಲಕ್ಷ್ಮಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಬಂದವರು ಯಾರೆಂದು ತಿಳಿಯುತ್ತಲೇ ಅವಳ ಕೈ ನಿಂತಿತು.

"ಈಗಿನ್ನೇನು ಕಳುವಾಯ್ತು ಸಾ?"

"ಗಂಟೆ ಸಿಕ್ತು ಕಣಮ್ಮ," ಎಂದರು ದೇವರಾಜ್. "ಬಾವೀಲೇ ಇತ್ತು. ತೊಲೆ ಸಮೇತ."

ಒಳಗೆ ಏನೋ ಉರುಳಿದ ಸದ್ದಾಯಿತು. ಎಂಬತ್ತರ ಹತ್ತಿರದ ಪುಟ್ಟಸ್ವಾಮಿ ಬಾಗಿಲಿನ ಚೌಕಟ್ಟು ಹಿಡಿದು ಹೊರಬಂದ.

"ಬಿರುಕು ಬಿಟ್ಟೈತಾ ಸಾ?"

"ಇಲ್ಲ."

"ನಾಲಗೆ? ಗಂಟೆ ನಾಲಗೆ ಐತಾ?"

"ಐತೆ ಪುಟ್ಟಸ್ವಾಮಿ. ಎಲ್ಲಾ ಐತೆ."

"ಏಳಮ್ಮೀ! ಅವರೆಕಾಯಿ ಆಮೇಲೆ ಸುಲಿಯೀವಂತೆ, ಏಳು!" ಎಂದವನೇ ಮುದುಕ ಬರಿಗಾಲಲ್ಲೇ ಅಂಗಳಕ್ಕಿಳಿದು, ಕಾರಿನ ಬಾಗಿಲು ತೆಗೆಯಲು ಬಾರದೆ ಅದನ್ನು ದಬದಬ ಬಡಿಯತೊಡಗಿದ.

ದಾರಿಯುದ್ದಕ್ಕೂ ಅವನ ಮಾತು ನಿಲ್ಲಲಿಲ್ಲ. ಹಗ್ಗ ಹೇಗೆ ಹಿಡಿಯಬೇಕು, ಮದುವೆಗೆ ಹೇಗೆ ಬಾರಿಸಬೇಕು, ಮಣ್ಣಿಗೆ ಹೇಗೆ, ಗಾಳಿಯಿದ್ದ ದಿನ ಸದ್ದು ಯಾವ ಕಡೆ ಹೋಗುತ್ತಿತ್ತು, ಎಲ್ಲ ಹೇಳಿದ. ಚಿಕ್ಕಲಕ್ಷ್ಮಮ್ಮ ಮಾತ್ರ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ದೇವರಾಜ್ ಕನ್ನಡಿಯಲ್ಲಿ ಎರಡು ಸಲ ಅವಳ ಮುಖ ನೋಡಿದರು.

ಚರ್ಚಿನ ಅಂಗಳದಲ್ಲಿ ಆಗಲೇ ಜನ ಸೇರಿದ್ದರು. ಗಂಟೆ ಜೆಸಿಬಿಯ ತೋಳಿನಿಂದ ಸರಪಳಿಯಲ್ಲಿ ತೂಗುತ್ತಿತ್ತು. ಪಾಸ್ಟರ್ ಅದಕ್ಕೆ ನೀರು ಹೊಯ್ಸಿ, ನಾಲಗೆಗೆ ಉದ್ದನೆಯ ಹಗ್ಗ ಕಟ್ಟಿಸಿದ್ದರು. ದೇವರಾಜ್ ಎಲ್ಲರೆದುರು ನಿಂತು, "ಈ ಮನುಷ್ಯನ ಮೇಲೆ ನಾವು ಹೊರಿಸಿದ್ದು ಸುಳ್ಳು. ಇವರನ್ನ ಸ್ಟೇಷನ್ನಿಗೆ ಎಳಕೊಂಡು ಹೋದವನು ನಾನೇ..." ಎಂದು ಶುರುಮಾಡಿದರು. ಪುಟ್ಟಸ್ವಾಮಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಹೆಗಲ ಮೇಲಿನ ಟವಲಿನಿಂದ ಗಂಟೆಯ ಅಂಚು ಒರೆಸುತ್ತಿದ್ದ, ಹಸುವಿನ ಮೈ ಸವರುವಂತೆ ಸವರುತ್ತಿದ್ದ. ಆಮೇಲೆ ಹಗ್ಗ ಹಿಡಿದ, ಒಂದು ಕಾಲು ಹಿಂದಿಟ್ಟ, ಎಳೆದ.

ಢಣ್!

ಕೊಂಬೆಯ ಮೇಲಿದ್ದ ಕಾಗೆಗಳೆಲ್ಲ ಒಮ್ಮೆಗೇ ಎದ್ದವು. ಬೀದಿಯಲ್ಲಿ ಆಟೋಗಳು ನಿಂತವು. ಯಾರೋ ಶಿಳ್ಳೆ ಹಾಕಿದರು, ಪಾಸ್ಟರ್ ತಾವೇ ಮೊದಲು ಚಪ್ಪಾಳೆ ತಟ್ಟಿದರು. ಮುದುಕ ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯುತ್ತಿರಲಿಲ್ಲ. ಎಳೆದ, ಮತ್ತೆ ಎಳೆದ.

ದೇವರಾಜ್ ಕೈ ಜೋಡಿಸಿಕೊಂಡು ಚಿಕ್ಕಲಕ್ಷ್ಮಮ್ಮನ ಮುಂದೆ ಬಂದರು. "ಅಮ್ಮಾ, ನಿಮ್ಮನ್ನ ಏನಂತ ಕ್ಷಮೆ ಕೇಳ್ಲಿ..."

ಅವಳು ಅವರನ್ನು ದಾಟಿಕೊಂಡು ನೇರ ಜೆಸಿಬಿಯ ಹತ್ತಿರ ನಡೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಯೆತ್ತಿ ಕಾಂತರಾಜುವನ್ನು ಕರೆದಳು.

"ಇನ್ನೂ ಮ್ಯಾಕೆತ್ತಪ್ಪ ಅದನ್ನ. ನನ್ನ ಕಳ್ಳನ ಎಂಡ್ತಿ ಅಂದೋರೆಲ್ಲ ಪ್ಯಾಟೆ ಬೀದೀಲವ್ರೆ. ಅಲ್ಲೀಗಂಟ ಕೇಳ್ಬೇಕು."