ಅರ್ಧ ನಿಮಿಷ

ಆಸ್ಪತ್ರೆಯೊಂದರ ಆಂಬುಲೆನ್ಸ್ ಕರೆಗಳನ್ನು ನಿಭಾಯಿಸುವ ಹೊಸ ತಂತ್ರಾಂಶದ ಪರೀಕ್ಷೆ ಅಲ್ಲಿನ ಸರ್ವರ್‌ನಲ್ಲೇ ನಡೆದು ಮುಗಿದಿತ್ತು. ಉತ್ತರ ಹೋದ ಕರೆಗಳ ಗ್ರಾಫ್ ಗಂಟೆಯ ಅಳತೆಯಲ್ಲಿ ಚೆನ್ನಾಗಿಯೇ ಕಂಡಿತು. ಪರೀಕ್ಷೆ ನಡೆಸಿದ ಎಂಜಿನಿಯರ್ ಹುಡುಗಿ ಅದನ್ನು ಸೆಕೆಂಡಿನ ಅಳತೆಗೆ ಹಿಗ್ಗಿಸಿದಾಗ ಮಾತ್ರ ಗೆರೆ ಸೊನ್ನೆಗೆ ಕುಸಿದದ್ದು ಕಂಡಿತು. ನಡುವೆ ಅರ್ಧ ನಿಮಿಷ ಒಂದೇ ಒಂದು ಕರೆಗೂ ಉತ್ತರ ಹೋಗಿರಲಿಲ್ಲ.

ಮ್ಯಾನೇಜರ್ ಬಂದು ಬಾಗಿಲು ಮುಂದೆ ಮಾಡಿದ. "ಗಂಟೆ ಲೆಕ್ಕಕ್ಕೇ ಹಾಕು. ಸರಾಸರಿಯಲ್ಲಿ ಮುಚ್ಚಿಹೋಗತ್ತೆ."

"ಸರ್, ಆ ಹೊತ್ತಲ್ಲೇ ಯಾರಿಗಾದ್ರೂ ಎದೆನೋವು ಬಂದು ಫೋನ್ ಮಾಡಿದ್ರೆ?"

"ಈ ಆರ್ಡರ್ ಕೈತಪ್ಪಿದ್ರೆ ನಿನ್ನ ಕೆಲಸಾನೂ ಇರಲ್ಲ, ನಂದೂ ಇರಲ್ಲ."

ಅವಳು ಅಳತೆಯನ್ನು ಮತ್ತೆ ಗಂಟೆಗೆ ಬದಲಿಸಿದಳು. ಗೆರೆ ಇಸ್ತ್ರಿ ಹಾಕಿದಂತೆ ಮಟ್ಟಸವಾಯಿತು.

ಮಧ್ಯಾಹ್ನ ಆ ಆಸ್ಪತ್ರೆಯ ಹಿರಿಯ ವೈದ್ಯೆ ಬಂದು ಗ್ರಾಫನ್ನೇ ಬಹಳ ಹೊತ್ತು ನೋಡಿದರು.

"ಪರೀಕ್ಷೆಯಲ್ಲಿ ಎಲ್ಲೂ ತೊಂದರೆ ಆಗಲಿಲ್ವಾ?"

ಮ್ಯಾನೇಜರ್ ಅವಳನ್ನೇ ದಿಟ್ಟಿಸಿದ.

"ಇಲ್ಲ ಮೇಡಂ," ಎಂದಳು.

ವೈದ್ಯೆ ಕನ್ನಡಕ ತೆಗೆದು ಚೀಲಕ್ಕೆ ಹಾಕಿಕೊಂಡರು. "ಪರೀಕ್ಷೆ ನಡೀತಿದ್ದಾಗ ನಮ್ಮ ಸರ್ವರ್‌ನ ಕೇಬಲ್ ಕಿತ್ತು, ಅರ್ಧ ನಿಮಿಷ ಬಿಟ್ಟು ಸಿಕ್ಕಿಸಿದ್ದು ನಾನೇ ಕಣಮ್ಮ. ನೀವು ಹೇಳ್ತೀರೋ ಇಲ್ವೋ ಅಂತ ನೋಡೋಕೆ."