ಮೇಷ್ಟ್ರ ಮೂರು ಬೆರಳು

"ಉದಾಹರಣೆ ಬರೆಯೋದೇನು ಸಾರ್, ಜೀವಂತ ತೋರಿಸ್ತೀನಿ" ಎಂದು, ಯಾರ ದನಿಯನ್ನಾದರೂ ಅಣಕಿಸಬಲ್ಲನೆಂದು ಎಲ್ಲರೂ 'ಗಿಳಿ' ಎಂದು ಕರೆಯುತ್ತಿದ್ದ ನೌಕರ ಎದ್ದವನೇ ಕ್ಯಾಬಿನ್ನಿಗೆ ನುಗ್ಗಿ ಮ್ಯಾನೇಜರ್ ಕುರ್ಚಿಯಲ್ಲೇ ಕೂತುಬಿಟ್ಟ.

ಸಾಹೇಬರು ಊಟಕ್ಕೆ ಮನೆಗೆ ಹೋಗಿದ್ದರು. ಆ ಬಣ್ಣದ ಕಂಪನಿಯಲ್ಲಿ ಸೋಮವಾರದ ಊಟದ ಬಿಡುವೆಂದರೆ ನೌಕರರಿಗೆ ಇಂಗ್ಲಿಷ್ ಪಾಠ. ಮೇಷ್ಟ್ರು ಅಂದು ಬೋರ್ಡಿನ ಮೇಲೆ 'ಬಿಟ್ರೇ' (betray) ಎಂಬ ಇಂಗ್ಲಿಷ್ ಪದ ಬರೆದು, ಅದರ ಮೂರು ಅರ್ಥಗಳನ್ನು ಒಂದೊಂದೇ ಬೆರಳು ಮಡಿಸುತ್ತ ವಿವರಿಸಿ ಉದಾಹರಣೆ ಬರೆಯಲು ಹೇಳಿದ್ದರು: ನಂಬಿದವನ ಕತ್ತು ಕುಯ್ಯುವುದು ಒಂದು, ಕಾಪಾಡಬೇಕಾದ ಗುಟ್ಟನ್ನು ರಟ್ಟು ಮಾಡುವುದು ಎರಡು, ಒಳಗೆ ಬಚ್ಚಿಟ್ಟದ್ದನ್ನು ಮುಖವೋ ದನಿಯೋ ನಮ್ಮನ್ನು ಕೇಳದೆಯೇ ಹೊರಹಾಕಿಬಿಡುವುದು ಮೂರು.

ಗಿಳಿಗೆ ಬೇಕಿದ್ದದ್ದು ಮೂರನೆಯದು. ತಮ್ಮನ್ನು ಅಣಕಿಸುವವನು ಯಾರೆಂದು ಗೊತ್ತಾದ ದಿನವೇ ಅವನನ್ನು ಗೇಟಿನಾಚೆ ಅಟ್ಟುವುದಾಗಿ ಸಾಹೇಬರು ಗುಡುಗಿದ್ದರು. ಆ ಹೆಸರು ಕೆಳಗೆ ಗೋಡೌನಿನಲ್ಲಿದ್ದ ಸ್ಟೋರ್‌ಕೀಪರ್‌ಗೆ ಚೆನ್ನಾಗಿ ಗೊತ್ತು. ಆದರೆ ಅವನು ಹನ್ನೆರಡು ವರ್ಷ ಗಿಳಿಯ ಡಬ್ಬಿಯಲ್ಲೇ ಉಂಡ ಗೆಳೆಯ. ಪ್ರಾಣ ಹೋದರೂ ಬಾಯಿ ಬಿಡುವವನಲ್ಲ. "ತಡವರಿಸ್ತಾನೆ, ಸುಳ್ಳು ಹೇಳ್ತಾನೆ, ದನಿಯೇ ಅವನನ್ನ ಹಿಡ್ಕೊಡುತ್ತೆ, ಕೇಳ್ತಿರಿ" ಎಂದು ಗಿಳಿ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ ಮೇಷ್ಟ್ರಿಗೂ ಆರು ಜನರಿಗೂ ಕಣ್ಣು ಹೊಡೆದು, ಫೋನಿನ ಸ್ಪೀಕರ್ ಒತ್ತಿದ. ದನಿಯನ್ನು ಮೂಗಿಗೇರಿಸಿ, ಸಾಹೇಬರಂತೆಯೇ ಎರಡು ಸಲ ಕೆಮ್ಮಿದ.

"ಹ್ಹುಂ, ಹ್ಹುಂ. ನನ್ನನ್ನ ಅಣಕಿಸೋದು ಯಾರ್ರೀ?"

"ಗಿಳಿ, ಸಾರ್."

ಉತ್ತರಕ್ಕೆ ಕೆಮ್ಮಿನಷ್ಟೂ ಹೊತ್ತು ಹಿಡಿಯಲಿಲ್ಲ. "ಎಷ್ಟು ಬುದ್ಧಿ ಹೇಳಿದ್ರೂ ಕೇಳಲ್ಲ. ಹೋದ ತಿಂಗಳು ಅಮ್ಮಂಗೆ ಹುಷಾರಿಲ್ಲ ಅಂತ ರಜ ಹಾಕಿದ್ನಲ್ಲ, ಮಿಮಿಕ್ರಿ ಸ್ಪರ್ಧೆಗೆ ಹೋಗಿದ್ದ. ಅಲ್ಲೂ ನಿಮ್ಮ ದನೀನೇ. ಸಮಾಧಾನಕರ ಬಹುಮಾನಾನೂ ಬರ್ಲಿಲ್ಲ." ಆಮೇಲೆ ತುಸು ವಿನಯದಿಂದ, "ಸೂಪರ್‌ವೈಸರ್ ಜಾಗಕ್ಕೆ ನಮ್ಮಿಬ್ರ ಹೆಸರೇ ಇರೋದಂತೆ ಸಾರ್."

ತಡವರಿಕೆಯಿಲ್ಲ, ಸುಳ್ಳಿಲ್ಲ. ಮೇಷ್ಟ್ರು ತಮಗರಿವಿಲ್ಲದೆಯೇ ಎರಡು ಬೆರಳು ಮಡಿಸಿದ್ದರು.

"ಒಳ್ಳೇದು" ಎಂದ ಗಿಳಿ. ಕೆಮ್ಮಲು ಹೋದ. ಒಂದು ಕೆಮ್ಮು ಬಂತು. ಎರಡನೆಯದು ಬರಲೇ ಇಲ್ಲ.

ಸಾಹೇಬರು ಒಂದೇ ಸಲ ಕೆಮ್ಮಿದ್ದನ್ನು ಆ ಕಡೆಯ ಕಿವಿ ಎಂದೂ ಕೇಳಿರಲಿಲ್ಲ.

"ಲೇ, ಗಿಳೀನೇನೋ? ಗೊತ್ತಿತ್ತು ಕಣೋ, ಮೊದಲೇ ಗೊತ್ತಿತ್ತು. ಸುಮ್ನೆ ಆಟ ಆಡಿಸ್ದೆ" ಎಂದು ಸ್ಟೋರ್‌ಕೀಪರ್ ನಗತೊಡಗಿದ. ಆ ಹುಸಿ ನಗು ಕೇಳಿ ಮೇಷ್ಟ್ರು ಮೂರನೆಯ ಬೆರಳನ್ನೂ ಮಡಿಸಿದರು.

ಬಾಗಿಲಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಗಿಳಿ. ಅದೂ ಸಾಹೇಬರ ದನಿಯಲ್ಲಿ. ತನ್ನ ದನಿ ಎಷ್ಟು ಹುಡುಕಿದರೂ ಬಾಯಿಗೆ ಬರಲಿಲ್ಲ.