ನಕ್ಷೆಯಿಂದ ಅಳಿಸಿದ ಬಾಗಿಲು

ಈ ಕಥೆ ಓದಿ ಕಣ್ಣು ಒದ್ದೆಯಾಗದಿದ್ದರೆ ನನ್ನ ನಂಬರ್ ಬ್ಲಾಕ್ ಮಾಡಿಬಿಡಿ... ನಮ್ಮ ವಾಕಿಂಗ್ ಗ್ರೂಪಿನಲ್ಲಿ ಹೇಳಿದಾಗ ಪಾರ್ಕಿನ ಕಲ್ಲುಬೆಂಚೂ ಬಿಕ್ಕಿ ಬಿಕ್ಕಿ ಅತ್ತಿತ್ತು!

ಗದಗಿನಲ್ಲಿ ಸುಮೇಧಾ ಎಂಬ ಪಿಎಚ್‌ಡಿ ವಿದ್ಯಾರ್ಥಿನಿ. ಅವಳ ಬುದ್ಧಿಯನ್ನು ಊರಿಗೆಲ್ಲ ಹಂಚಿದರೂ ಪಕ್ಕದ ಜಿಲ್ಲೆಗೆ ಮಿಗುತ್ತಿತ್ತು.

ಆಶಾ ಕಾರ್ಯಕರ್ತೆಯರು ದಿನಕ್ಕೆ ಎಷ್ಟು ನಡೆಯುತ್ತಾರೆಂದು ಅಳೆಯಲು ಒಂದು ಆ್ಯಪ್ ಮಾಡಿದ್ದಳು. ಹಾಕಿಕೊಂಡವರು ಹನ್ನೊಂದೇ ಮಂದಿ... ಉಳಿದವರೆಲ್ಲ "ಬ್ಯಾಡವ್ವಾ" ಎಂದಿದ್ದರು.

ಹಾಕಿಕೊಂಡವರಲ್ಲಿ ಚನ್ನಬಸವ್ವ ಒಬ್ಬರು. ಅವರ ನಡಿಗೆಗೆ ರಸ್ತೆಯೇ ಸುಸ್ತಾಗಿ ಕೂರಬೇಕು!

ಮೂರು ತಿಂಗಳಾದ ಮೇಲೆ ಸುಮೇಧಾ ಹೆಮ್ಮೆಯಿಂದ ನಕ್ಷೆ ತೋರಿಸಿದಳು.

"ನೋಡ್ರಿ ಅಕ್ಕಾರ, ನೀವು ನಡೆದದ್ದು ಈ ನೀಲಿ ಗೆರಿ. ನಾಳೆ ಮೀಟಿಂಗಿನ್ಯಾಗ ಎಲ್ಲಾರಿಗೂ ತೋರಸ್ತೀನಿ."

"ನಿನ್ನ ಗೆರಿ ಮಧ್ಯಾಹ್ನಕ್ಕ ನನ್ನ ಬ್ಯಾಟರಿ ನುಂಗತೈತಿ, ಅದನ್ನೂ ತೋರಸು!" ಎಂದು ನಕ್ಕ ಚನ್ನಬಸವ್ವ... ಒಮ್ಮೆಲೇ ನಕ್ಷೆಯ ಒಂದು ಕಡೆ ಬೆರಳಿಟ್ಟರು.

ಗೆರೆ ದಿನವೂ ಬೆಳಿಗ್ಗೆ ಒಂದೇ ಬಾಗಿಲಲ್ಲಿ ನಿಂತಿತ್ತು.

"ತಂಗಿ... ಅಲ್ಲೊಬ್ಬಾಕಿ ದಿನಾ ನನ್ನ ಕೈಲೆ ಟಿ.ಬಿ. ಗುಳಿಗಿ ತಗೋತಾಳ. ಬಾಡಿಗಿ ಮನಿ. ಮಾಲೀಕಗ ಗೊತ್ತಾದ್ರ ಹೊರಗ ಹಾಕ್ತಾನ. ಗುಳಿಗಿ ಅರ್ಧಕ್ಕ ನಿಂತ್ರ ಆಕಿ ಉಳಿಯೂದ ಕಷ್ಟ."

"ನಾನು ಯಾರ ಹೆಸರೂ ಹಾಕಿಲ್ರಿ..."

"ಹೆಸರ್ಯಾಕ ಬೇಕ? ಯಾರಿಗೂ ಸುಳಿವು ಸಿಗಬಾರದಂತ ನಾ ದಿನಾ ಬ್ಯಾರೆ ಬ್ಯಾರೆ ನಾಕು ಬಾಗಲಾ ಸುಮ್ಮನ ಬಡೀತೀನಿ. ಕೆಲಸಾ ಇಲ್ಲದ ಮನ್ಯಾಗೂ ಚಾ ಕುಡದ ಬರ್ತೀನಿ. ನಿನ್ನ ಗೆರಿ ಎಲ್ಲಾ ಬಯಲ ಮಾಡೈತಿ!"

ಸುಮೇಧಾ ಅವರೆದುರೇ ಮೂರು ತಿಂಗಳ ಡೇಟಾ ಪೂರ್ತಿ ಡಿಲೀಟ್ ಮಾಡಿದಳು...

ಮರುದಿನ ಪಿಎಚ್‌ಡಿ ಗೈಡ್ ಬೈದದ್ದು ಹುಬ್ಬಳ್ಳಿಯವರೆಗೂ ಕೇಳಿಸಿತಂತೆ!

ಅವಳು ಜಗ್ಗಲಿಲ್ಲ. ಹೊಸ ಆ್ಯಪ್ ಮಾಡಿದಳು. ಅದರಲ್ಲಿ ನಕ್ಷೆಯೇ ಇಲ್ಲ. ಹೆಜ್ಜೆಗಳನ್ನು ಫೋನೇ ತನ್ನೊಳಗೆ ಎಣಿಸುತ್ತದೆ, ವಾರಕ್ಕೊಮ್ಮೆ ಒಟ್ಟು ಲೆಕ್ಕ ಮಾತ್ರ ಕಳಿಸುತ್ತದೆ... ಅದೂ ಚಾರ್ಜಿಗೆ ಹಾಕಿದಾಗ.

ಚನ್ನಬಸವ್ವನ ಬಾಯಿಂದ ಸುದ್ದಿ ಹಬ್ಬಿತು. ಬೇಡವೆಂದವರೆಲ್ಲ ತಾವಾಗಿ ಫೋನ್ ಹಿಡಿದು ಸಾಲು ನಿಂತರು.

ನಾಲ್ಕು ತಿಂಗಳ ಬಳಿಕ ಒಂದು ಕರೆ.

"ತಂಗಿ, ಆಕಿ ಗುಳಿಗಿ ಮುಗಿಸಿದ್ಲು. ಪೂರಾ ಗುಣ ಆಗೈತಿ ಅಂದ್ರು ಡಾಕ್ಟರು. ಯಾರಂತ ಮಾತ್ರ ಕೇಳಬ್ಯಾಡ."

"ಕೇಳೂದಿಲ್ರಿ ಅಕ್ಕಾರ... ಆಕಿ ಆರಾಮ ಅದಾಳಲ್ಲ, ಸಾಕು."

ಆಮೇಲೆ ಎರಡೂ ಕಡೆ ಮೂಗೆಳೆಯುವ ಸದ್ದು.

ತಿಳಿದುಕೊಳ್ಳುವುದು ಜಾಣತನ... ತಿಳಿಯಬಹುದಾಗಿದ್ದರೂ ತಿಳಿಯದೆ ಬಿಡುವುದು ದೊಡ್ಡತನ.

ನಿಮ್ಮ ಕೈಗೆ ಸಿಕ್ಕ ಬೇರೆಯವರ ಗುಟ್ಟುಗಳಲ್ಲಿ, ನೀವು ಎಷ್ಟನ್ನು ಅಳಿಸಿದ್ದೀರಿ?